ಕೈಗೆ ಬಾರದ ಸಂಬಳ

ನನ್ನ ತಂಗಿಯ ಮಗಳು ಪ್ರಣಾಲಿ ಐರೋಲಿಯ ಒಂದು ಕಂಪನಿಯ ಎಚ್.ಆರ್. ವಿಭಾಗಕ್ಕೆ ಹೊಸತಾಗಿ ಸೇರಿದ್ದಾಳೆ. ಹುಡುಗಿ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ತುಳುವಿನಲ್ಲಿ ಬೈದರೆ ಮಾತ್ರ ಒಂದಕ್ಷರ ಬಿಡದೆ ಅರ್ಥವಾಗುತ್ತದೆ. ಮೊನ್ನೆ ಫೋನ್ ಮಾಡಿ, ಕಂಪನಿ ತನ್ನ ಕಡೆಯಿಂದ ಕಟ್ಟುವ ಪ್ರಾವಿಡೆಂಟ್ ಫಂಡನ್ನು ಹೊಸಬರ ಪ್ಯಾಕೇಜಿನ ಒಳಗೆ ತೋರಿಸಬೇಕೇ, ಹೊರಗೆ ಇಡಬೇಕೇ ಎಂದು ಕೇಳಿದಳು. ಅವಳ ಮೇಲಿನವರು ಒಳಗೆ ಸೇರಿಸು ಎನ್ನುತ್ತಾರಂತೆ. ನೀವು ಜನ್ಮವಿಡೀ ಇದೇ ಮಾಡಿದವರು, ಒಂದು ಸಾಲಿನಲ್ಲಿ ಹೇಳಿಬಿಡಿ ದೊಡ್ಡಮ್ಮ ಎಂದಳು.

ಒಂದು ಸಾಲಿನಲ್ಲಿ ಹೇಳಲು ಬರುವ ಹಾಗಿದ್ದರೆ ನಾನು ಬಿ.ಪಿ. ಮಾತ್ರೆ ನುಂಗುವ ಕಾಲ ಬರುತ್ತಿರಲಿಲ್ಲ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆ ಆಮೇಲಿನ ಉತ್ತರವೇ ಇದು. ಅವಳಿಗೆ ಕನ್ನಡ ಓದಲು ಬಾರದು, ಅವಳಮ್ಮ ಓದಿ ಹೇಳಲಿ. ಈ ಕೆಲಸಕ್ಕೆ ಹೊಸತಾಗಿ ಕೈ ಹಾಕುವ ಬೇರೆ ಮಕ್ಕಳಿಗೂ ಉಪಯೋಗವಾದರೆ ಒಳ್ಳೆಯದೇ.

ನಾನು ಶಶಿಕಲಾ ಬಂಗೇರ. ತುರ್ಭೆಯಲ್ಲಿ ಪೇಂಟ್ ಕಂಪನಿಗಳಿಗೆ ತಗಡಿನ ಡಬ್ಬಿ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಹಾಜರಿ ನೋಡುವ ಟೈಮ್ ಆಫೀಸಿಗೆ ಗುಮಾಸ್ತೆಯಾಗಿ ಸೇರಿ, ಸಂಬಳ ವಿಭಾಗ ನೋಡಿಕೊಳ್ಳುವವಳಾಗಿ ನಿವೃತ್ತಳಾದೆ. ನಡುವೆ ಸಿಕ್ಕಿದ ಬಡ್ತಿಗಳ ಕತೆ ಯಾರಿಗೂ ಬೇಡ. ಇನ್ನೊಬ್ಬರ ಸಂಬಳ ಮಾಡುವವರಿಗೆ ಬಡ್ತಿಯಿಂದ ನಿದ್ದೆಯೇನೂ ಹೆಚ್ಚುವುದಿಲ್ಲ. ನಾನಂತೂ ಮೊದಲೇ ಚಿಂತೆಯ ಗಿರಾಕಿ. ಪ್ಲಾಟ್‌ಫಾರ್ಮಿನ ಮೇಲೆ ನಿಂತಿರುವಾಗಲೂ ನಿನ್ನ ತಲೆಯೊಳಗೆ ಯಾವುದೋ ಒಂದು ಲೋಕಲ್ ರೈಲು ತಪ್ಪಿಹೋಗುತ್ತಿರುತ್ತದೆ ಎಂದು ನನ್ನ ಗಂಡ ಹೇಳುವುದುಂಟು. ಅವರದು ಹೋಟೆಲ್ ಕೆಲಸ, ಸಂಜೆಗೆ ಗಲ್ಲಾ ಮುಚ್ಚಿದರೆ ಲೆಕ್ಕ ಮುಗಿಯಿತು. ನನ್ನದು ಹಾಗಲ್ಲ. ನಾನು ಇವತ್ತು ಹಾಕಿದ ಒಂದು ಅಂಕಿ ಒಬ್ಬ ಮನುಷ್ಯನ ಅರವತ್ತನೆಯ ವಯಸ್ಸಿನಲ್ಲಿ ಎದ್ದು ನಿಲ್ಲುತ್ತದೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನೌಕರನ ಮೂಲ ವೇತನದಲ್ಲಿ ನೂರಕ್ಕೆ ಹನ್ನೆರಡರಂತೆ ಕತ್ತರಿಸಿ ಫಂಡಿಗೆ ಕಟ್ಟಬೇಕು. ಅಷ್ಟನ್ನೇ ಕಂಪನಿ ತನ್ನ ಕಿಸೆಯಿಂದ ಸೇರಿಸಬೇಕು. ಎರಡೂ ಸೇರಿ ಮುಂದಿನ ತಿಂಗಳ ಹದಿನೈದನೇ ತಾರೀಕಿನ ಒಳಗೆ ಜಮೆಯಾಗಬೇಕು. ತಪ್ಪಿದರೆ ದಂಡ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಚಲನ್ ಹಿಡಿದುಕೊಂಡು ಬ್ಯಾಂಕಿಗೆ ನಾನೇ ಹೋಗುತ್ತಿದ್ದೆ. ಒಮ್ಮೆ ಜುಲೈ ತಿಂಗಳ ಮಳೆಗೆ ಹಳಿ ಮುಳುಗಿ ರೈಲು ನಿಂತುಹೋಯಿತು. ಅವತ್ತು ಕಡೆಯ ದಿನ. ಚಲನ್ನನ್ನು ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ಸುತ್ತಿ, ಬ್ಲೌಸಿನೊಳಗೆ ಸಿಕ್ಕಿಸಿಕೊಂಡು, ಮೊಣಕಾಲು ನೀರಿನಲ್ಲಿ ನಡೆದೆ. ಕೌಂಟರ್ ಮುಚ್ಚುವ ಹೊತ್ತಿಗೆ ನನ್ನ ಅವತಾರ ಕಂಡು ಕ್ಯಾಷಿಯರ್ ಮೊದಲು ಕೊಟ್ಟದ್ದು ಕುರ್ಚಿ. ಈಗಿನವರು ಒಂದು ಬಟನ್ ಒತ್ತಿ ಮುಗಿಸುತ್ತಾರೆ. ಕೆಲಸ ಹಗುರವಾದದ್ದು ಒಳ್ಳೆಯದೇ. ಆದರೆ ಆ ಬಟನ್ನಿನ ಆಚೆ ಮನುಷ್ಯರಿದ್ದಾರೆ ಎಂಬುದೂ ಜೊತೆಗೆ ಮರೆತುಹೋಗಿದೆಯೇನೋ ಎಂದು ನನಗೆ ಭಯ.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಠಾಣೆಯಿಂದ ಬರುವ, ಎಣ್ಣೆ ಹಚ್ಚಿ ತಲೆ ಬಾಚುವ, ಜೋರಾಗಿ ಮಾತಾಡದ ಮನುಷ್ಯ. ಸಂಬಳದ ಚೀಟಿಯಲ್ಲಿ ಕಂಪನಿಯ ಪಾಲನ್ನು ಅವರು ತೋರಿಸುತ್ತಿರಲಿಲ್ಲ. ಯೂನಿಯನ್ನಿನವರು ತೋರಿಸಿ ಎಂದು ಹಟ ಹಿಡಿದಾಗಲೂ ಒಪ್ಪಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಕೈ ಬೇಡುತ್ತದೆ, ಅದು ಅವರ ಮುಪ್ಪಿನ ಗಂಟು, ಮುಚ್ಚಿಯೇ ಇರಲಿ ಎಂದು ನನಗೆ ಮರಾಠಿಯಲ್ಲಿ ಹೇಳಿದ್ದರು. ನನಗೆ ಅದು ಸರಿ ಕಾಣಲಿಲ್ಲ. ತೋರಿಸದಿದ್ದರೆ ಕಟ್ಟಿದಿರೋ ಇಲ್ಲವೋ ಎಂದು ಆತನಿಗೆ ಗೊತ್ತಾಗುವುದು ಹೇಗೆ?

ಅದಕ್ಕೆ ಸರಿಯಾಗಿ ಒಂದು ಪ್ರಕರಣವೂ ನಡೆಯಿತು. ನಮ್ಮಲ್ಲಿ ಡಬ್ಬಿಗಳನ್ನು ಲಾರಿಗೆ ಏರಿಸಲು ಗುತ್ತಿಗೆಯ ಮೇಲೆ ಲೋಡರುಗಳಿದ್ದರು, ತುರ್ಭೆಯ ಜೋಪಡಿಗಳಲ್ಲಿ ಇರುವವರೇ. ಒಂದು ತಿಂಗಳು ಅವರೆಲ್ಲ ನಮ್ಮ ಆಫೀಸಿನ ಕಿಟಕಿಯ ಹತ್ತಿರ ಗುಂಪು ಕಟ್ಟಿದರು. ಪಿಎಫ್ ಎರಡು ಸಲ ಕಟ್ ಆಗಿದೆ ಎಂದು ಅವರ ದೂರು. ಗುತ್ತಿಗೆದಾರನ ಪಟ್ಟಿ ತರಿಸಿ ನೋಡಿದರೆ ನಿಜವೇ. ಆ ಮಹಾನುಭಾವ ತನ್ನ ಪಾಲಿನ ಹನ್ನೆರಡನ್ನೂ ಅವರ ಕೂಲಿಯಿಂದಲೇ ಕತ್ತರಿಸಿದ್ದ. ಕರೆಸಿ ಕೇಳಿದರೆ ಒಂಚೂರೂ ನಾಚಿಕೆಯಿಲ್ಲ. ದಿನಕ್ಕೆ ಇಷ್ಟು ಅಂತ ಮಾತಾಗಿದೆ, ಆ ಇಷ್ಟರ ಒಳಗೇ ಎಲ್ಲ ಬಂತು ಎಂದ. ಕುಲಕರ್ಣಿ ಸಾಹೇಬರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾಲೀಕನ ಪಾಲನ್ನು ಕೆಲಸಗಾರನಿಂದ ವಸೂಲು ಮಾಡಬಾರದು ಎಂದು ಕಾನೂನು ಇದೆ, ಲೋಡರುಗಳಿಗೆ ವಾಪಸು ಕೊಟ್ಟ ರಸೀದಿ ತೋರಿಸುವವರೆಗೆ ನಿನ್ನ ಬಿಲ್ ಪಾಸಾಗದು ಎಂದರು. ಮನುಷ್ಯ ಅದೇ ವಾರ ಬಾಲ ಮುದುರಿಕೊಂಡು ವಾಪಸು ಕೊಟ್ಟ.

ಕುಲಕರ್ಣಿ ಸಾಹೇಬರು ನಿವೃತ್ತರಾಗಿ ಒಂದಿಬ್ಬರು ಬಂದುಹೋದ ಮೇಲೆ ಮೆಹ್ರಾ ಸಾಹೇಬರು ಬಂದರು. ನನಗಿಂತ ಚಿಕ್ಕವರು, ಬಹಳ ಮರ್ಯಾದೆಯವರು. ಬಂದವರಿಗೆಲ್ಲ ಮೊದಲು ಚಹಾ. ಅವರು ಕ್ಯಾಂಟೀನಿನ ಗೋಡೆಗೆ ಪರದೆ ಕಟ್ಟಿಸಿ, ಸೂಪರ್‌ವೈಸರುಗಳನ್ನೂ ಆಫೀಸಿನವರನ್ನೂ ಕೂರಿಸಿ, ಇನ್ನು ಮುಂದೆ ಬೇಸಿಕ್, ಡಿ.ಎ. ಎಂಬ ಹಳೇ ಮಾತು ಬೇಡ, ಎಲ್ಲರಿಗೂ ವರ್ಷದ ಪ್ಯಾಕೇಜ್ ಎಂದು ಸಾರಿದರು. ಮೂಲ ವೇತನ, ಭತ್ಯೆ, ಕಂಪನಿ ಕಟ್ಟುವ ಪಿಎಫ್, ಮುಂದೆಂದೋ ಸಿಗುವ ಗ್ರಾಚ್ಯುಯಿಟಿ, ವಿಮೆಯ ಕಂತು, ಎಲ್ಲವೂ ಒಂದೇ ಬುಟ್ಟಿಗೆ. ಬುಟ್ಟಿ ದೊಡ್ಡದಾಗಿ ಕಂಡಿತು. ಜನ ಚಪ್ಪಾಳೆ ತಟ್ಟಿದರು.

ಮೀಟಿಂಗ್ ಮುಗಿದ ಮೇಲೆ ನಾನು ಅವರ ಕೋಣೆಗೆ ಹೋಗಿ, ಕಂಪನಿಯ ಪಾಲನ್ನು ಒಳಗೆ ಸೇರಿಸಿದರೆ ಜನ ಅದನ್ನು ಸಂಬಳ ಎಂದೇ ತಿಳಿಯುತ್ತಾರೆ ಎಂದೆ. ಅವರು ನಕ್ಕು ಚಹಾ ತರಿಸಿದರು. ಒಬ್ಬ ನೌಕರನಿಗಾಗಿ ಕಂಪನಿಯ ಕಿಸೆಯಿಂದ ಎಷ್ಟು ಹೋಗುತ್ತದೆ ಎಂದು ಅವನಿಗೆ ಗೊತ್ತಿರಬೇಡವೇ, ಮುಚ್ಚಿಡುವುದರಲ್ಲಿ ಏನು ಪ್ರಾಮಾಣಿಕತೆ ಎಂದು ಕೇಳಿದರು. ಅವರು ಸುಳ್ಳು ಹೇಳಲಿಲ್ಲ. ನನ್ನ ಕಷ್ಟವೇ ಅದು. ಅದೇ ಮಾತನ್ನು ನಾನು ಕುಲಕರ್ಣಿ ಸಾಹೇಬರ ಎದುರು ವಾದಿಸಿದ್ದೆ. ಆದರೂ ಚಹಾ ಕುಡಿದು ಹೊರಗೆ ಬರುವಾಗ ಆ ಲೋಡರುಗಳ ಗುಂಪು ಕಣ್ಣ ಮುಂದೆ ಬಂತು. ಗುತ್ತಿಗೆದಾರ ಮಾಡಿದರೆ ಕಳ್ಳತನ, ಪರದೆ ಕಟ್ಟಿ ತೋರಿಸಿದರೆ ಪ್ಯಾಕೇಜ್. ಹೀಗೆ ಅಂದುಕೊಂಡೆನೇ ಹೊರತು ಬಾಯಿ ಬಿಟ್ಟು ಆಡಲಿಲ್ಲ.

ಪ್ಯಾಕೇಜ್ ಎಂಬ ಈ ಶಬ್ದ ನಮ್ಮ ಊರಿನ ಕಡೆಯವರ ಮದುವೆ ಮಾತುಕತೆಗೂ ನುಗ್ಗಿತು. ಕಲ್ಯಾಣದ ಒಬ್ಬರು ಹೆಂಗಸು, ನಮ್ಮ ಕನ್ನಡ ಸಂಘದಲ್ಲಿ ಭಜನೆಗೆ ಬರುವವರು, ತಮ್ಮ ಮಗಳಿಗೆ ನಮ್ಮ ಕಾರ್ಖಾನೆಯ ಒಬ್ಬ ಹುಡುಗನನ್ನು ನೋಡಿದ್ದರು. ನನಗೆ ಫೋನ್ ಮಾಡಿ, ಹುಡುಗ ಪ್ಯಾಕೇಜ್ ಅಂತ ಹೇಳುವುದೆಲ್ಲ ಉಂಟು, ಆದರೆ ತಿಂಗಳ ಕೊನೆಗೆ ಅಕ್ಕಿ ತರುವ ದುಡ್ಡು ಎಷ್ಟು ಎಂದು ಕೇಳಿದರು. ನಾನು ಹೇಳುವಂತಿಲ್ಲ, ಗುಟ್ಟಿನ ವಿಷಯ ಎಂದರೆ, ಭಜನೆಯಲ್ಲಿ ಮುಖ ತಿರುಗಿಸಿಕೊಂಡು ಕೂರತೊಡಗಿದರು. ಈ ಕೆಲಸಕ್ಕೆ ಬರುವ ಮಕ್ಕಳಿಗೆ ಹೇಳುತ್ತೇನೆ, ಇದನ್ನೂ ಸಹಿಸಬೇಕಾಗುತ್ತದೆ.

ಈಗ ಹರೀಶನ ವಿಷಯ. ಇಷ್ಟೆಲ್ಲ ಪೀಠಿಕೆ ಅದಕ್ಕಾಗಿಯೇ.

ಹರೀಶ ನಮ್ಮಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಕುಂದಾಪುರದ ಕಡೆಯ ಮನೆತನ. ಅವನಪ್ಪ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡಿ ಮಾಡಿಯೇ ತೀರಿಹೋದವರು. ಶಹಾಡ್‌ನಲ್ಲಿ ಬಾಡಿಗೆ ಮನೆ. ಅಮ್ಮ, ಹೆಂಡತಿ ಸುಜಾತ, ಶಾಲೆಗೆ ಹೋಗುವ ಒಬ್ಬ ಮಗಳು. ಶಹಾಡ್‌ನಿಂದ ಅವನು, ಡೊಂಬಿವಲಿಯಿಂದ ನಾನು ಠಾಣೆಗೆ ಬಂದು, ಅಲ್ಲಿಂದ ತುರ್ಭೆಯ ಗಾಡಿ ಹಿಡಿಯುತ್ತಿದ್ದೆವು. ಕಾರ್ಖಾನೆಯ ಒಳಗೆ ನಾನು ಮೇಡಂ, ಪ್ಲಾಟ್‌ಫಾರ್ಮಿನಲ್ಲಿ ಶಶಿಯಕ್ಕ. ಕೆಟ್ಟ ಯಂತ್ರದ ಮುಂದೆ ಗಂಟೆಗಟ್ಟಲೆ ಕೂರುವ ತಾಳ್ಮೆಯ ಮನುಷ್ಯ, ಸ್ವಂತ ವಿಷಯಕ್ಕೆ ಬಂದರೆ ಬಹಳ ಅವಸರ.

ಪ್ಯಾಕೇಜ್ ಲೆಟರ್ ಸಿಕ್ಕಿದ ವಾರ ಅವನು ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಪೇಡೆ ಹಂಚುತ್ತಿದ್ದ. ಟಿಟ್ವಾಳಾದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದೆ ಎಂದ. ಬಿಲ್ಡರನ ಕಡೆಯವನೇ ಸಾಲಕ್ಕೂ ಓಡಾಡಿದ್ದನಂತೆ. ಲೆಟರಿನಲ್ಲಿದ್ದ ಆರು ಲಕ್ಷ ನೋಡಿ ತಿಂಗಳ ಕಂತು ಗೊತ್ತು ಮಾಡಿದ್ದರು. ಬುಕಿಂಗಿಗೆ ಸುಜಾತಳ ಬಳೆ ಹೋಗಿತ್ತು. ಪೇಡೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡೆ.

"ತಿಂಗಳಿಗೆ ಎಷ್ಟು ಬರ್ತದೆ ಅಂತ ಲೆಕ್ಕ ಹಾಕಿದ್ದು ನೀನು?" ಎಂದೆ.

"ಆರು ಲಕ್ಷಕ್ಕೆ ಹನ್ನೆರಡು ತಿಂಗಳು. ಐವತ್ತಲ್ವಾ ಶಶಿಯಕ್ಕ?"

"ಅದು ಶಾಲೆಯ ಲೆಕ್ಕ ಮಾರಾಯ. ನಿನ್ನ ಕೈಗೆ ನಲವತ್ತೆರಡೂ ಬರುದಿಲ್ಲ."

ಅವನು ನಕ್ಕ. ಹೆದರಿಸುವುದು ನನ್ನ ಅಭ್ಯಾಸ ಎಂದು ಅವನಿಗೆ ಗೊತ್ತು. ಗಾಡಿ ಬಂತು, ಹತ್ತಿದೆವು. ಘಣಸೋಲಿ ದಾಟುವವರೆಗೆ ನಾನು ಒಂದೊಂದಾಗಿ ಕಳೆಯುತ್ತ ಹೋದೆ. ಕಂಪನಿಯ ಪಿಎಫ್ ತೆಗೆ, ಗ್ರಾಚ್ಯುಯಿಟಿ ತೆಗೆ, ವಿಮೆ ತೆಗೆ. ಉಳಿದದ್ದರಲ್ಲಿ ನಿನ್ನ ಪಾಲಿನ ಪಿಎಫ್ ಕಟ್ ಆಗುತ್ತದೆ, ವೃತ್ತಿ ತೆರಿಗೆ ಕಟ್ ಆಗುತ್ತದೆ. ಅವನ ನಗು ಒಂದೊಂದು ಸ್ಟೇಷನ್ನಿಗೆ ಒಂದಿಷ್ಟು ಕಡಿಮೆಯಾಯಿತು. ತುರ್ಭೆಯಲ್ಲಿ ಇಳಿಯುವಾಗ ಉಳಿದ ಪೇಡೆಯ ಡಬ್ಬವನ್ನು ಬ್ಯಾಗಿಗೆ ತುಂಬಿಕೊಂಡ. ಒಳಗೆ ಹಂಚಲಿಲ್ಲ.

ಇಂಥ ತಪ್ಪು ಅವನೊಬ್ಬನೇ ಮಾಡಿದ್ದಲ್ಲ. ಹಳೇ ಪದ್ಧತಿಯಲ್ಲಿ ನಮ್ಮವರು ಸಂಬಳ ಎಂದರೆ ಕಂಪನಿಯ ಪಾಲು ಸೇರದ ಅಂಕಿ ಎಂದೇ ತಿಳಿದಿದ್ದರು. ಹೊಸ ಅಂಕಿಯಲ್ಲಿ ಅದು ಸೇರಿತ್ತು. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿ ಇಟ್ಟು, ಇಷ್ಟು ಏರಿತು ಎಂದು ಎಲ್ಲರೂ ಹಿಗ್ಗಿದರು. ಏರಿದ್ದು ಇತ್ತು, ಇಲ್ಲವೆಂದಲ್ಲ, ಆದರೆ ಅರ್ಧ. ಮೊದಲ ತಿಂಗಳ ಸಂಬಳವಾದಾಗ ನನ್ನ ಮೇಜಿನ ಮುಂದೆ ಸಾಲು. ನಾನೇ ನುಂಗಿದೆನೇನೋ ಎಂಬ ಹಾಗೆ ನೋಡಿದರು.

ಗುಜುಗುಜು ಮೆಹ್ರಾ ಸಾಹೇಬರ ಕಿವಿಗೂ ಬಿತ್ತು. ಅವರು ಒಂದು ದಾರಿ ಹುಡುಕಿದರು. ಬೇಕಾದವರು ಪಿಎಫನ್ನು ಕಾನೂನು ಹೇಳುವ ಕನಿಷ್ಠಕ್ಕೆ, ಅಂದರೆ ಮೂಲ ವೇತನದ ಒಂದು ಮಿತಿಯವರೆಗಿನ ಭಾಗಕ್ಕೆ ಮಾತ್ರ, ಇಳಿಸಿಕೊಳ್ಳಬಹುದು, ಉಳಿದದ್ದನ್ನು ಕಂಪನಿ ಭತ್ಯೆಯಾಗಿ ಕೈಗೆ ಕೊಡುತ್ತದೆ ಎಂದರು. ಮೊದಲಿಂದ ಪೂರ್ತಿ ಕಟ್ಟುತ್ತಿರುವವರಿಗೆ ಹೀಗೆ ಇಳಿಸಬಹುದೇ ಎಂದು ನಾನು ತಕರಾರು ತೆಗೆದೆ. ಸಲಹೆಗಾರರನ್ನು ಕೇಳಿಯೇ ಮಾಡಿದ್ದು ಎಂದು ಬಾಯಿ ಮುಚ್ಚಿಸಿದರು. ಮಾರನೇ ದಿನ ಎಲ್ಲರಿಗಿಂತ ಮುಂದೆ ನಿಂತವನು ಹರೀಶ.

ಅವನನ್ನು ಕೂರಿಸಿ ಬುದ್ಧಿ ಹೇಳಿದೆ. ನೀನು ನಿನ್ನ ಪಾಲನ್ನಷ್ಟೇ ಇಳಿಸುತ್ತಿಲ್ಲ, ಕಂಪನಿಯ ಪಾಲನ್ನೂ ಇಳಿಸುತ್ತಿದ್ದೀಯ, ತಿಂಗಳಿಗೆ ಎರಡು ಸಾವಿರ ಚಿಲ್ಲರೆಗಾಗಿ ಮುಪ್ಪನ್ನು ಮಾರಬೇಡ ಎಂದೆ. ಅವನು ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಮೇಡಂ, ಇದು ನನ್ನ ಪ್ಯಾಕೇಜಿನದ್ದೇ ದುಡ್ಡು ಅಂತ ಸಾಹೇಬರೇ ಹೇಳಿದ್ದಲ್ವಾ? ನನ್ನದಾದ್ರೆ ನನ್ನ ಕೈಗೆ ಕೊಡಿ. ಹನ್ನೊಂದು ತಿಂಗಳಿಗೊಮ್ಮೆ ಸಿಲಿಂಡರ್ ಹೊತ್ಕೊಂಡು ಮನೆ ಬದ್ಲಾಯ್ಸಿ ಅಮ್ಮನಿಗೆ ಸಾಕಾಗಿ ಹೋಗಿದೆ. ಅರವತ್ತಾದ ಮೇಲೆ ನನಗೆ ದುಡ್ಡು ಸಿಕ್ಕಿದ್ರೆ ಅವಳಿಗೆ ಮನೆ ತೋರಿಸ್ಲಿಕ್ಕೆ ಆಗ್ತದಾ?"

ನನಗೆ ಡೊಂಬಿವಲಿಯಲ್ಲಿ ಸ್ವಂತ ಮನೆಯಿತ್ತು. ಸ್ವಂತ ಮನೆಯಿದ್ದವರು ಉಳಿತಾಯದ ಉಪದೇಶ ಮಾಡುವುದು ಹೊಟ್ಟೆ ತುಂಬಿದವರು ಉಪವಾಸದ ಮಹಿಮೆ ಹೇಳಿದ ಹಾಗೆ. ಅವನು ಸಹಿ ಹಾಕಿದ. ನಾನು ದಾಖಲು ಮಾಡಿದೆ. ಕಂಪನಿಯ ಪಾಲು ಸಂಬಳದ ಹೊರಗೆ ಇದ್ದಷ್ಟು ಕಾಲ ಅದನ್ನು ಮುಟ್ಟುವ ಯೋಚನೆ ಯಾರಿಗೂ ಬಂದಿರಲಿಲ್ಲ. ಒಳಗೆ ಬಂದು ನನ್ನದು ಅನ್ನಿಸಿದ ದಿನವೇ ಖರ್ಚಿಗೆ ಬಂತು.

ಟಿಟ್ವಾಳಾದ ಗೃಹಪ್ರವೇಶಕ್ಕೆ ನಾವು ಗಂಡ ಹೆಂಡತಿ ಹೋಗಿದ್ದೆವು. ಗಣಪತಿ ದೇವಸ್ಥಾನದಿಂದ ರಿಕ್ಷಾದಲ್ಲಿ ಒಳಗೆ ಹೋಗಬೇಕು. ಗೋಡೆಯ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಹರೀಶನ ಅಮ್ಮ ಬಂದವರನ್ನೆಲ್ಲ ಕೈ ಹಿಡಿದು ಕರೆದುಕೊಂಡು ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿ ತೋರಿಸಿದರು. ಇನ್ನು ಯಾರೂ ಖಾಲಿ ಮಾಡಿ ಅನ್ನುವ ಹಾಗಿಲ್ಲ ಎಂದು ನಲ್ಲಿಗೇ ಹೇಳಿದರು. ನಲ್ಲಿ ನೋಡುತ್ತಲೇ ನಾನು ತಲೆಯಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದ ಕಂತು. ಕಾರ್ಖಾನೆಯ ಯಂತ್ರ ನಿಂತರೆ?

ಯಂತ್ರ ನಿಂತಿತು. ಕೆಲವು ವರ್ಷ ಕಳೆದು, ನಾನು ನಿವೃತ್ತಳಾಗಬೇಕಾದ ವರ್ಷವೇ, ಕಾರ್ಖಾನೆಯನ್ನು ಗುಜರಾತಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಸ್ವಯಂ ನಿವೃತ್ತಿ ತೆಗೆದುಕೊಳ್ಳುವವರಿಗೆ ಒಂದೊಂದು ವರ್ಷದ ಸೇವೆಗೆ ಇಷ್ಟು ದಿನದ ಸಂಬಳದಂತೆ ಕೊಟ್ಟು ಕೈ ತೊಳೆದುಕೊಳ್ಳುವುದು. ಮತ್ತೆ ಕ್ಯಾಂಟೀನು, ಮತ್ತೆ ಮೆಹ್ರಾ ಸಾಹೇಬರು. ಚಪ್ಪಾಳೆ ಮಾತ್ರ ಇರಲಿಲ್ಲ. ಜನರ ಪ್ರಶ್ನೆ ಒಂದೇ, ಇಷ್ಟು ದಿನದ ಸಂಬಳ ಎಂದರೆ ಯಾವ ಸಂಬಳ? ಪ್ಯಾಕೇಜಿನ ಲೆಕ್ಕದಲ್ಲಿ ಕೊಟ್ಟರೆ ಹರೀಶನ ಮನೆಸಾಲ ತೀರುತ್ತಿತ್ತು. ನಾನೇ ಹಿಂದಿನ ದಿನ ಕೂತು ಅವನಿಗೆ ಲೆಕ್ಕ ಮಾಡಿ ತೋರಿಸಿದ್ದೆ. ಬರೀ ಮೂಲ ವೇತನದ ಲೆಕ್ಕದಲ್ಲಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿಯುತ್ತಿತ್ತು.

ಮೆಹ್ರಾ ಸಾಹೇಬರು ಮೂಲ ವೇತನ ಎಂದರು.

ಹರೀಶ ಎದ್ದು ನಿಂತ. ಅವನಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಹಿಂದಿಯಲ್ಲಿ ತಡವರಿಸುತ್ತ, ನಮಗೆ ಕೊಟ್ಟ ಲೆಟರಿನಲ್ಲಿ ಎಲ್ಲವನ್ನೂ ಸೇರಿಸಿ ಇದೇ ನಿಮ್ಮ ಸಂಬಳ ಅಂದಿದ್ದಿರಿ, ಬರುವಾಗ ಪಿಎಫ್ ನಮ್ಮ ಸಂಬಳ, ಹೋಗುವಾಗ ಅಲ್ಲವೇ ಎಂದು ಕೇಳಿದ. ಮೆಹ್ರಾ ಸಾಹೇಬರು ಶಾಂತವಾಗಿಯೇ, ಕಂಪನಿ ಕಟ್ಟುವ ಪಿಎಫ್ ಸಂಬಳದ ವ್ಯಾಖ್ಯೆಗೆ ಸೇರುವುದಿಲ್ಲ, ಇದು ನನ್ನ ಮಾತಲ್ಲ, ಕಾನೂನು ಎಂದು ನನ್ನ ಕಡೆ ತಿರುಗಿದರು. ಬಂಗೇರ ಮೇಡಂ ಎಲ್ಲರಿಗಿಂತ ಹಳಬರು, ಅವರೇ ಹೇಳಲಿ ಎಂದರು.

ನನ್ನ ಗ್ರಾಚ್ಯುಯಿಟಿಯ ಕಾಗದ, ರಜೆಯ ಹಣದ ಕಾಗದ ಅದೇ ವಾರ ಅವರ ಸಹಿಗಾಗಿ ಅವರ ಮೇಜಿನ ಮೇಲೆ ಕೂತಿದ್ದವು. ಅವರು ಹೇಳಿದ ಕಾನೂನೂ ನಿಜವೇ. ಹರೀಶ ನನ್ನನ್ನೇ ನೋಡುತ್ತಿದ್ದ. ಮೇಜನ್ನು ಹಿಡಿದುಕೊಂಡು ಎದ್ದು ನಿಂತೆ. ಹಿಂದಿಯಲ್ಲೇ ಹೇಳಿದೆ, ಅದರ ಕನ್ನಡ ಇಷ್ಟು:

"ಕಾನೂನು ಸಾಹೇಬರು ಹೇಳಿದ ಹಾಗೇ ಇದೆ. ಅದು ಸಂಬಳ ಅಲ್ಲ. ಆದರೆ ಸಾಹೇಬರೇ, ಇವತ್ತು ಅಲ್ಲ ಅಂದ್ರೆ ಅವತ್ತೂ ಅಲ್ಲ. ಅವತ್ತು ಲೆಟರಿನಲ್ಲಿ ಅಷ್ಟು ಸಂಬಳ ಅಂತ ಬರೆದು ಅಷ್ಟನ್ನು ಕೊಟ್ಟಿಲ್ಲ ಅಂತ ಆಗ್ತದೆ. ಎರಡರಲ್ಲಿ ಒಂದು ಹೇಳಿ. ಯಾವುದು ಹೇಳಿದ್ರೂ ನಾನು ಲೆಕ್ಕ ಮಾಡಿ ಕೊಡ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೆಹ್ರಾ ಸಾಹೇಬರು ಮುಂದಿದ್ದ ಗ್ಲಾಸಿನ ನೀರು ಕುಡಿದು, ಮ್ಯಾನೇಜ್‌ಮೆಂಟ್ ಜೊತೆ ಮಾತಾಡುತ್ತೇನೆ ಎಂದು ಹೊರಟುಹೋದರು. ಆ ವಾರವಿಡೀ ಮನೆಯಲ್ಲಿ, ನಿನಗೇಕೆ ಬೇಕಿತ್ತು ಎಂದು ಗಂಡ ಕೇಳಲಿಲ್ಲ, ಕೇಳಿದ್ದರೆ ಬೈದು ಹಗುರಾಗುತ್ತಿದ್ದೆ. ಕೊನೆಗೆ ಮೂಲ ವೇತನದ ಲೆಕ್ಕವೇ ಉಳಿಯಿತು, ಅದರ ಮೇಲೆ ಎಲ್ಲರಿಗೂ ಒಂದು ಇಡಿಗಂಟು ಸೇರಿಸಿದರು. ಬಾಯಿ ಮುಚ್ಚಿಸಲು ಕೊಟ್ಟದ್ದು ಎಂದು ಕೆಲವರು ಅಂದರು, ನಮ್ಮ ಗೆಲುವು ಎಂದು ಕೆಲವರು. ಹರೀಶನ ಸಾಲ ಇಳಿಯಿತು, ತೀರಲಿಲ್ಲ. ಕನಿಷ್ಠಕ್ಕೆ ಇಳಿಸಿದ್ದ ಫಂಡೂ ಕೈಹಿಡಿಯುವಷ್ಟು ಇರಲಿಲ್ಲ. ನನ್ನ ಹಣ ತಡವಾಗಿ ಬಂತು, ಆದರೆ ಬಂತು.

ಪ್ರಣಾಲಿ, ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಕಂಪನಿಯ ಪಾಲನ್ನು ಮುಚ್ಚಿಡಬೇಡ, ಕುಲಕರ್ಣಿ ಸಾಹೇಬರದು ಆ ಮಟ್ಟಿಗೆ ತಪ್ಪು. ಆದರೆ ಸಂಬಳದ ಮೊತ್ತಕ್ಕೆ ಕೂಡಿಸಲೂ ಬೇಡ. ಗೆರೆ ಎಳೆದು, ಕೆಳಗೆ ಬೇರೆಯಾಗಿ ಬರೆ. ಮೇಲಿನವರು ಒಪ್ಪದಿದ್ದರೆ, ಪ್ರತಿ ತಿಂಗಳು ಕೈಗೆ ಬರುವ ಅಂಕಿಯನ್ನು ಲೆಟರಿನ ಮೊದಲ ಸಾಲಿಗೆ ಬರೆಯಲು ಜಗಳವಾಡು. ಅದನ್ನೂ ಒಪ್ಪದಿದ್ದರೆ ಸೇರುವವರನ್ನು ಕೂರಿಸಿ ಬಾಯಲ್ಲೇ ಹೇಳು. ಹೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯಲಾರರು. ತೆಗೆಯುತ್ತಾರೇನೋ ಎಂದು ಇದನ್ನು ಬರೆಯುವಾಗಲೇ ನನಗೆ ಭಯವಾಗುತ್ತಿದೆ, ಆದರೂ ಹೇಳು.

ಕಾರ್ಖಾನೆ ಮುಚ್ಚಿದ ಮೇಲೆ ಹರೀಶ ಕಲ್ಯಾಣದಲ್ಲಿ ದೊಡ್ಡ ದೊಡ್ಡ ಹೌಸಿಂಗ್ ಸೊಸೈಟಿಗಳ ಪಂಪು, ಲಿಫ್ಟು ನೋಡಿಕೊಳ್ಳುವ ಕೆಲಸ ಹಿಡಿದ. ಅಲ್ಲಿ ಪ್ಯಾಕೇಜೂ ಇಲ್ಲ, ಪಿಎಫೂ ಇಲ್ಲ. ಸುಜಾತ ಮನೆಯಲ್ಲಿ ಸೀರೆಗೆ ಫಾಲ್ ಹಚ್ಚಿ ಕಂತಿಗೆ ಸೇರಿಸುತ್ತಿದ್ದಳು. ಒಂದೆರಡು ಕಂತು ತಪ್ಪಿ ಬ್ಯಾಂಕಿನವರು ಫೋನ್ ಮಾಡತೊಡಗಿದಾಗ, ಮನೆ ಉಳಿಯುತ್ತದೋ ಹೋಗುತ್ತದೋ ಎಂದು ನಾನು ಇಲ್ಲಿ ಕೂತು ಬೆಂದದ್ದು ಅವರಿಗೆ ಗೊತ್ತಿಲ್ಲ. ಅಮ್ಮನಿಗೆ ಅವರು ಏನನ್ನೂ ಹೇಳಿರಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದ. ತಲೋಜಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆಫರ್ ಲೆಟರನ್ನು ನನ್ನ ಊಟದ ಮೇಜಿನ ಮೇಲೆ ಹರಡಿ, ಮೊದಲು ಕನ್ನಡಕ ಹಾಕಿಕೊಳ್ಳಿ ಎಂದ. ಈ ಸಲ ಪೇಡೆ ತಂದಿರಲಿಲ್ಲ.

"ಇದ್ರಲ್ಲಿ ನನ್ನದು ಎಷ್ಟು ಶಶಿಯಕ್ಕ?"

ನಾನು ಪೆನ್ಸಿಲ್ ತೆಗೆದುಕೊಂಡು ಒಂದೊಂದಾಗಿ ಹೊಡೆದು ಹಾಕಿದೆ. ಕೊನೆಗೆ ಉಳಿದ ಅಂಕಿಗೆ ಸುತ್ತು ಹಾಕಿದೆ. ಲೆಟರಿನ ಕೆಳಗೆ ಇನ್ನೊಂದು ಪ್ರಶ್ನೆಯೂ ಇತ್ತು: ಪಿಎಫ್ ಪೂರ್ತಿ ಮೂಲ ವೇತನದ ಮೇಲೆ ಬೇಕೇ, ಕನಿಷ್ಠ ಸಾಕೇ? ಯಾವುದಕ್ಕೆ ಗುರುತು ಹಾಕಲಿ ಎಂದು ಕೇಳಿದ.

ವೃತ್ತಿಯುದ್ದಕ್ಕೂ ಈ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಅವತ್ತು ಎರಡೂ ಕಡೆ ಲೆಕ್ಕ ಹಾಕಿದೆ. ಪೂರ್ತಿ ಎಂದರೆ ಕಂತಿಗೆ ಸಾಲದು, ಕನಿಷ್ಠ ಎಂದರೆ ಇವನ ಮುಪ್ಪಿಗೆ ಏನೂ ಉಳಿಯದು. ಕಂತು ತಪ್ಪಿದರೆ ಆ ಮುದುಕಿ ಮತ್ತೆ ಸಾಮಾನು ಕಟ್ಟಬೇಕು. ಸುಜಾತಳನ್ನು ಕೇಳು ಎಂದುಬಿಟ್ಟೆ.

ಅವನು ಫೋನ್ ಹಚ್ಚಿ ಮೇಜಿನ ಮೇಲೆ ಇಟ್ಟ. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಪ್ಯಾಕೇಜಿನ ಮಾತು ಎತ್ತಲಿಲ್ಲ. ಸುತ್ತು ಹಾಕಿದ ಅಂಕಿಯನ್ನಷ್ಟೇ ಹೇಳಿ, ಪಿಎಫ್ ಇಳಿಸಿದರೆ ಇನ್ನೆಷ್ಟು ಹೆಚ್ಚು ಬರುತ್ತದೆ ಎಂದೂ ಹೇಳಿದ. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಪೂರ್ತಿ ಕಟ್ ಆಗ್ಲಿ," ಎಂದಳು ಸುಜಾತ. "ಕಂತಿಗೆ ಕಡಿಮೆ ಬಿದ್ದದ್ದನ್ನು ನಾನು ಹೊಲಿತೇನೆ. ಕೈಗೆ ಬಂದದ್ದೆಲ್ಲ ಆ ಮನೆಗೆ ಹೋಗ್ತದೆ. ಕೈಗೆ ಬಾರದ್ದು ಮಾತ್ರ ನಮ್ಮಿಬ್ರಿಗೆ ಉಳಿಯುದು."

ಯಂತ್ರ ಮತ್ತೆ ಶುರುವಾಯಿತು. ಹರೀಶ ಪೂರ್ತಿ ಎಂಬಲ್ಲಿ ಗುರುತು ಹಾಕಿದ. ಕಾಗದ ಮಡಚಿ ಕಿಸೆಯಲ್ಲಿಟ್ಟು ಅವನು ಇಳಿಯುವಾಗ ನಾನು ಮೆಟ್ಟಿಲವರೆಗೆ ಹಿಂದೆಯೇ ಹೋದೆ. ಕಂಪನಿ ತನ್ನ ಪಾಲು ಕಟ್ಟಿದೆಯೋ ಇಲ್ಲವೋ ಪ್ರತಿ ತಿಂಗಳು ಮೊಬೈಲಿನಲ್ಲಿ ನೋಡು, ಹದಿನೈದು ದಾಟಿದ ಮೇಲೆ ನೋಡು, ಇಲ್ಲದಿದ್ದರೆ ನನಗೆ ಫೋನ್ ಮಾಡು ಎಂದೆ. ಅವನು ಹೂಂ ಎಂದ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.